ಈ ಲೋಕಕ್ಕೆ ಊರಾಚೆ ಇಲ್ಲ

(ಎಮ್ಮಿಗನೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾನು ಬಿ.ಎ. ಓದಿದವನು. ಲೆಕ್ಕದಲ್ಲಿ ಹೆಂಗೋ ಪಾಸಾದವನು. ಕವಿತೆ ಬರೆಯೋನು ಆಕಾಶದ ಬಗ್ಗೆ ಏನು ಹೇಳ್ತಾನೆ, ಚಂದ್ರನ್ನ ಹುಡುಗಿ ಮುಖಕ್ಕೆ ಹೋಲಿಸಿ ಕೂತ್ಕೊಳ್ತಾನೆ ಅಂದ್ಕೊಂಡಿರಬೇಕು ನೀವು. ಇವತ್ತು ಅದು ಬೇಡ. ಇವತ್ತು ಅಳತೆ ಹಾಕೋಣ.

ಮೊದಲು ಒಂದು ಬೆಳಿಗ್ಗೆಯ ಸುದ್ದಿ. 2019ರ ಡಿಸೆಂಬರ್ 26, ಸೂರ್ಯಗ್ರಹಣ. ನಾನು ಆಗ ನಿಮ್ಮ ಹಾಗೇ ಒಂದು ಹಾಸ್ಟೆಲಿನಲ್ಲಿದ್ದೆ. ಆವತ್ತು ಒಲೆ ಹಚ್ಚಲಿಲ್ಲ. ಗ್ರಹಣ ಬಿಡೋತನಕ ಅನ್ನ ಮೈಲಿಗೆ, ಬಾಗಿಲು ಹಾಕ್ಕೊಂಡು ಒಳಗಿರ್ರಿ ಅಂದ್ರು. ಹಸಿವು ತಡೀಲಾರದೆ ನಾನು ಹಿಂದಿನ ಬಾಗಿಲಿಂದ ಹೊರಗೆ ಬಂದೆ. ಹೊಂಗೆ ಮರದ ಬುಡದಲ್ಲಿ ನೋಡ್ತೀನಿ, ನೆಲದ ತುಂಬ ಬೆಳಕಿನ ಕುಡುಗೋಲುಗಳು! ಎಲೆ ಸಂದಿನ ಒಂದೊಂದು ತೂತೂ ಕಡಿದ ಸೂರ್ಯನ ಒಂದೊಂದು ಚಿತ್ರ ಬಿಡಿಸಿತ್ತು. ಹಂಪಿ ವಿರೂಪಾಕ್ಷ ಗುಡಿಯಲ್ಲಿ ಗೋಪುರದ ನೆರಳು ಗೋಡೆ ಮೇಲೆ ತಲೆಕೆಳಗಾಗಿ ಬೀಳೋದೂ ಇದೇ ತೂತಿನ ಆಟ. ಅದರಲ್ಲಿ ಪವಾಡ ಇಲ್ಲ, ಬೆಳಕು ನೆಟ್ಟಗೆ ಹೋಗ್ತದೆ ಅಷ್ಟೆ.

ಅದೇ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆತನಕ ಮಣ್ಣಲ್ಲಿ ಹೂತಿದ್ರು, ಗ್ರಹಣದಲ್ಲಿ ಹೂತರೆ ಕೈಕಾಲು ಸರಿಹೋಗ್ತವೆ ಅಂತ. ಪತ್ರಿಕೆಗಳಲ್ಲಿ ಓದಿದ್ದೀರಿ. ಅವರ ತಾಯಿ-ತಂದೆಯರನ್ನ ನಾನು ಬೈಯೋದಿಲ್ಲ. ದವಾಖಾನೆ ಕೈಬಿಟ್ಟ ಕಡೆ ಜನ ಆಕಾಶದ ಕಾಲು ಹಿಡೀತಾರೆ. ಆದರೆ ಆಕಾಶ ಏನು ಅಂತ ಅವರಿಗೆ ಹೇಳದೆ ಇಟ್ಟೋರು ಯಾರು?

ಗ್ರಹಣ ಅಂದ್ರೆ ಏನು? ಚಂದ್ರನ ನೆರಳು ಭೂಮಿ ಮೇಲೆ ಬೀಳೋದು. ಬರೀ ನೆರಳು. ನೆರಳಿಗೆ ಮೈಲಿಗೆ ಅನ್ನೋ ಮಾತು ನಮಗೆ ಹೊಸದಲ್ಲ ಗೆಳೆಯರೆ. ನಮ್ಮ ಹಿರೀಕರ ನೆರಳೂ ಬೀಳಬಾರದು ಅಂತ ದಾರಿ ಬಿಟ್ಟು ನಿಲ್ಲಿಸಿದ ನಾಡು ಇದು. ಅಜ್ಜಿ ಮೇಲೆ ಹಾಕಿದ ಮಾತನ್ನೇ ಚಂದ್ರನ ಮೇಲೂ ಹಾಕಿದ್ರು.

1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣ ನಮ್ಮ ಸೀಮೆ ಮೇಲೇ ಹಾದು ಹೋಯ್ತು. ಹೊಳೆಯಾಚೆ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ದುರ್ಬೀನು ಹೂಡಿ ಕಾದಿದ್ರು. ಜನ ಯಾವ ನೆರಳಿಗೆ ಹೆದರಿ ಕದ ಹಾಕ್ಕೊಂಡ್ರೋ, ಇವರು ಅದೇ ನೆರಳು ಎಲ್ಲಿ ಬೀಳ್ತದೆ ಅಂತ ಲೆಕ್ಕ ಹಾಕಿ ಹುಡುಕ್ಕೊಂಡು ಬಂದಿದ್ರು. ಇಷ್ಟೇ ವ್ಯತ್ಯಾಸ. ಇಷ್ಟು ವ್ಯತ್ಯಾಸ.

ಈಗ ಅಳತೆ. ಸೂರ್ಯ ಇಲ್ಲಿಂದ ಸುಮಾರು 15 ಕೋಟಿ ಕಿಲೋಮೀಟರು. ಗಂಟೆಗೆ 50 ಕಿಲೋಮೀಟರು ಓಡೋ ಬಸ್ಸು ಎಲ್ಲೂ ನಿಲ್ಲದೆ ಹೋದ್ರೆ 342 ವರ್ಷ ಬೇಕು. ವಿಜಯನಗರ ಬಿದ್ದ 1565ರಲ್ಲಿ ಹಂಪಿಯಲ್ಲಿ ಬಸ್ ಹತ್ತಿದೋನು 1907ಕ್ಕೆ ಇಳೀತಿದ್ದ. ಬೆಳಕು ಆ ದಾರೀನ 8 ನಿಮಿಷ 20 ಸೆಕೆಂಡಿಗೆ ಮುಗಿಸ್ತದೆ.

ಇನ್ನೊಂದು ರೀತಿ ನೋಡೋಣ. ಸೂರ್ಯನನ್ನ ಒಂದು ತೆಂಗಿನಕಾಯಿ ಮಾಡಿ ಈ ಮೇಜಿನ ಮೇಲೆ ಇಡ್ರಿ. ಹದಿನೈದು ಮೀಟರು ದೂರದಲ್ಲಿ, ಆ ಬಾಗಿಲಾಚೆ, ಒಂದು ಸಾಸಿವೆ ಕಾಳು. ಅದು ಭೂಮಿ. ಅದರ ಮೇಲೇ ಊರು, ಕೇರಿ, ಗುಡಿ, ಬಾವಿ, ನಮ್ಮ ಜಗಳ ಎಲ್ಲ. ಚಂದ್ರ ಆ ಕಾಳಿನಿಂದ ಎರಡು ಬೆರಳು ದೂರ. ಮನುಷ್ಯ ಇದುವರೆಗೆ ಹೋಗಿಬಂದಿರೋದು ಆ ಎರಡು ಬೆರಳು ಮಾತ್ರ. ಹಂಗಾದ್ರೆ ಸೂರ್ಯನ ಪಕ್ಕದ ಮನೆ, ಅತಿ ಹತ್ತಿರದ ನಕ್ಷತ್ರ, ಎಲ್ಲಿ? ಕಂಪ್ಲಿ? ಬಳ್ಳಾರಿ? ಅಲ್ಲ. 4,000 ಕಿಲೋಮೀಟರು. ಇಲ್ಲಿಂದ ಕಾಶ್ಮೀರಕ್ಕೆ ಹೋಗಿ ವಾಪಸ್ ಬಂದಷ್ಟು. ನಡುವೆ ಪೂರಾ ಬಯಲು.

ಇಂಥ ನಕ್ಷತ್ರಗಳು ನಮ್ಮ ಗೆಲಾಕ್ಸಿ ಒಂದರಲ್ಲೇ ಕಡಿಮೆ ಅಂದ್ರೂ 10,000 ಕೋಟಿ. ಅಂಥ ಗೆಲಾಕ್ಸಿಗಳು ಮತ್ತೆ ಸಾವಿರಾರು ಕೋಟಿ. ಪಕ್ಕದ ದೊಡ್ಡ ಗೆಲಾಕ್ಸಿ ಆಂಡ್ರೋಮಿಡಾದಿಂದ ಬೆಳಕು ಬರೋಕೆ 25 ಲಕ್ಷ ವರ್ಷ ಬೇಕು. ಅಂದ್ರೆ ಇವತ್ತು ಕಣ್ಣಿಗೆ ಬೀಳೋ ಆ ಬೆಳಕು ಹೊರಟಾಗ ಈ ಭೂಮಿ ಮೇಲೆ ನಮ್ಮಂಥ ಮನುಷ್ಯರೇ ಇರಲಿಲ್ಲ. ಮೇಲು ಇರಲಿಲ್ಲ, ಕೀಳು ಇರಲಿಲ್ಲ. ಅನಾದಿಯಿಂದ ನಡಕೊಂಡು ಬಂದದ್ದು ಅಂತ ಯಾರಾದ್ರೂ ಹೇಳಿದ್ರೆ ಆ ಬೆಳಕಿನ ಕಡೆ ಬೆರಳು ತೋರಿಸ್ರಿ.

ಇನ್ನು ಆಕಾರ. ಹಾಳೆ ಮೇಲೆ ತ್ರಿಕೋನ ಬರೆದ್ರೆ ಮೂರು ಕೋನ ಸೇರಿ 180 ಡಿಗ್ರಿ. ಕುಂಬಳಕಾಯಿ ಮೇಲೆ ಬರೆದ್ರೆ ಹೆಚ್ಚಾಗ್ತದೆ. ಕುದುರೆ ಜೀನಿನ ಮೇಲೆ ಬರೆದ್ರೆ ಕಡಿಮೆ ಆಗ್ತದೆ. ವಿಜ್ಞಾನಿಗಳು ಇಡೀ ವಿಶ್ವಕ್ಕೇ ಇಂಥ ತ್ರಿಕೋನ ಹಾಕಿ ನೋಡಿದ್ರು. ವಿಶ್ವಕ್ಕೆ ಈಗ 1,380 ಕೋಟಿ ವರ್ಷ. ಅದು 3,80,000 ವರ್ಷದ ಕೂಸಾಗಿದ್ದಾಗ ಹೊರಟ ಬೆಳಕು ಇನ್ನೂ ಎಲ್ಲ ಕಡೆಯಿಂದ ಬರ್ತಾ ಐತೆ. ಅದರೊಳಗಿನ ಮಚ್ಚೆಗಳ ನಿಜವಾದ ಅಳತೆ ಲೆಕ್ಕದಿಂದ ಗೊತ್ತು; ಬಯಲು ಬಾಗಿದ್ರೆ ಅವು ದೊಡ್ಡದೋ ಸಣ್ಣದೋ ಕಾಣಬೇಕಿತ್ತು. 2009ರಲ್ಲಿ ಹಾರಿಸಿದ ಪ್ಲಾಂಕ್ ಉಪಗ್ರಹ ಅಳೆದಾಗ ನೂರಕ್ಕೆ ಒಂದು ಪಾಲಿನಷ್ಟೂ ಬಾಗು ಕಾಣಲಿಲ್ಲ. ನಮ್ಮ ಭತ್ತದ ಗದ್ದೆಯಂಗೆ ಸಮತಟ್ಟು. ನಮಗೆ ಕಾಣೋ ಪಾಲಿನ ಅಡ್ಡಳತೆ ಸುಮಾರು 9,300 ಕೋಟಿ ಜ್ಯೋತಿರ್ವರ್ಷ. ಅದರಾಚೆ ಎಷ್ಟು ಐತೆ, ಕೊನೆ ಇಲ್ಲವೋ ಏನೋ, ವಿಜ್ಞಾನಕ್ಕೂ ಇನ್ನೂ ತಿಳಿದಿಲ್ಲ. ತಿಳಿಯದ್ದನ್ನ ತಿಳಿಯದು ಅನ್ನೋದೇ ಅದರ ಮರ್ಯಾದೆ.

ನನಗೆ ಮುಖ್ಯವಾದ ಮಾತು ಇದು. ವಿಶ್ವ ಹಿಗ್ಗುತ್ತಾ ಐತೆ ಅಂತ 1929ರಲ್ಲಿ ಹಬಲ್ ಪುರಾವೆ ಕೊಟ್ಟ. ಜಾತ್ರೆ ಬಲೂನಿನ ಮೈಮೇಲೆ ಶಾಯಿ ಚುಕ್ಕಿ ಇಟ್ಟು ಊದ್ರಿ. ಎಲ್ಲ ಚುಕ್ಕಿಗಳೂ ಒಂದರಿಂದ ಒಂದು ದೂರ ಆಗ್ತವೆ. ಆ ಮೈಮೇಲೆ ನಡುವಿನ ಚುಕ್ಕಿ ಯಾವುದು? ಅಂಚಿನ ಚುಕ್ಕಿ ಯಾವುದು? ಯಾವುದೂ ಇಲ್ಲ. ವಿಶ್ವವೂ ಹಂಗೇ. ಅದಕ್ಕೆ ನಡುವೂ ಇಲ್ಲ, ಅಂಚೂ ಇಲ್ಲ. ಊರ ನಡುವೆ ನಾವು, ಊರಾಚೆ ನೀವು ಅಂತ ಗೆರೆ ಎಳೆದೋರು ಸಾಸಿವೆ ಕಾಳಿನ ಮೇಲೆ ಎಳೆದಾರೆ. ಈ ಲೋಕದ ನಕ್ಷೆಯಲ್ಲಿ ಆ ಗೆರೆ ಎಲ್ಲೂ ಇಲ್ಲ.

ಕೊನೆಗೆ ಒಬ್ಬ ಹಾಸ್ಟೆಲ್ ಹುಡುಗನ ಸುದ್ದಿ. ಮೇಘನಾದ ಸಹಾ, 1893ರಲ್ಲಿ ಢಾಕಾ ಹತ್ತಿರದ ಹಳ್ಳೀಲಿ ಹುಟ್ಟಿದೋನು. ತಂದೆಯದು ಸಣ್ಣ ಅಂಗಡಿ, ಕೀಳು ಅನ್ನಿಸಿಕೊಂಡ ಜಾತಿ. ಕಲ್ಕತ್ತೆಯ ಈಡನ್ ಹಿಂದೂ ಹಾಸ್ಟೆಲಿನಲ್ಲಿ ಮೇಲ್ಜಾತಿ ಹುಡುಗರು ಇವನ ಜತೆ ಪಂಕ್ತಿಯಲ್ಲಿ ಉಣ್ಣೋದಿಲ್ಲ ಅಂದ್ರು. ಪಂಕ್ತಿಯಿಂದ ಹೊರಗಿಟ್ಟ ಆ ಹುಡುಗ 1920ರಲ್ಲಿ ಬರೆದ ಸಮೀಕರಣದಿಂದ ನಕ್ಷತ್ರದ ಬೆಳಕು ಓದಿ ಅದರ ಬಿಸಿ ಎಷ್ಟು, ಒಳಗೆ ಏನೈತೆ ಅಂತ ಹೇಳೋದು ಸಾಧ್ಯ ಆಯ್ತು. 1925ರಲ್ಲಿ ಸಿಸಿಲಿಯಾ ಪೇನ್ ಅನ್ನೋ ಹೆಣ್ಣುಮಗಳು ಅದನ್ನೇ ಹಿಡಿದು ನಕ್ಷತ್ರಗಳು ಬಹುಪಾಲು ಜಲಜನಕ ಅಂತ ತೋರಿಸಿದಳು. ಆಕೆಯ ಮಾತನ್ನೂ ದೊಡ್ಡೋರು ಮೊದಲು ನಂಬಲಿಲ್ಲ.

ಈಗ ನಮಗೆ ಗೊತ್ತು: ಕಬ್ಬಿಣ ನಕ್ಷತ್ರಗಳ ಒಡಲಲ್ಲಿ ಬೆಂದದ್ದು, ಅವು ಸಿಡಿದಾಗ ಚೆಲ್ಲಿದ್ದು. ಸಂಡೂರಿನ ಗುಡ್ಡದ ಅದಿರೂ ಅದೇ, ಆ ಅದಿರು ಅಗೆಯೋನ ರಕ್ತದ ಕೆಂಪೂ ಅದೇ, ಅಗೆಸೋನ ರಕ್ತದ್ದೂ ಅದೇ. ಯಾರದ್ದು ಶುದ್ಧ, ಯಾರದ್ದು ಮೈಲಿಗೆ?

ಇವತ್ತು ಊಟ ಆದಮೇಲೆ ದೀಪ ಆರಿಸಿ ಕಾಲುವೆ ಏರಿ ಮೇಲೆ ನಿಂತು ಮೇಲೆ ನೋಡ್ರಿ. ಮುಂದಿನ ಗ್ರಹಣಕ್ಕೆ ಒಲೆ ಹಚ್ಚಿಸ್ರಿ, ಉಣ್ಣಿರಿ, ತಮ್ಮ ತಂಗಿಯರನ್ನ ಹೊರಗೆ ಕರಕೊಂಡು ಬರ್ರಿ. ಬರಿಗಣ್ಣಲ್ಲಿ ಸೂರ್ಯನ್ನ ನೋಡಬ್ಯಾಡ್ರಿ, ಕಣ್ಣು ಹೋಗ್ತವೆ. ಮರದ ಬುಡಕ್ಕೆ ಕರಕೊಂಡು ಹೋಗಿ ನೆಲದ ಮೇಲಿನ ಕುಡುಗೋಲು ತೋರಿಸ್ರಿ.