ಚಿಕ್ಕ ಶಾಲೆಯ ಮಕ್ಕಳು, ಮೊದಲ ಸುತ್ತಿನ ಅರ್ಜಿ
(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಐಟಿ ಕಂಪನಿಯಲ್ಲಿ ಕೆಲಸ ಮಾಡುವವಳು, ಶಿಕ್ಷಣ ತಜ್ಞೆಯಲ್ಲ. ಓದಿದ್ದು ರಾಯಚೂರು ಕಡೆಯ ಒಂದು ಸಣ್ಣ ಹೈಸ್ಕೂಲಿನಲ್ಲಿ, ಆಮೇಲೆ ಸಿಇಟಿ ಬರೆದು ಬಿಇ, ಗೇಟ್ ಬರೆದು ಎಂಟೆಕ್. ಆದರೂ ಈ ವಿಷಯ ನನ್ನ ಪಾಲಿಗೆ ಬಂದದ್ದು ಹೋದ ಎರಡು ವರ್ಷ ಅಕ್ಕನ ಮಗಳ ಅರ್ಜಿಗಳ ಹಿಂದೆ ಓಡಾಡಿದ್ದರಿಂದ. ಅವಳ ಶಾಲೆಯಲ್ಲಿ ಹನ್ನೆರಡನೇ ತರಗತಿಗೆ ಇದ್ದವರು 27 ಮಕ್ಕಳು. ಹೈದರಾಬಾದಿನಲ್ಲಿ ಒಂದು ಜೂನಿಯರ್ ಕಾಲೇಜಿನ ಒಂದು ಸೆಕ್ಷನ್‌ನಲ್ಲೇ ಅದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ.

"ಅಂಥ ಶಾಲೆಯಿಂದ ದೊಡ್ಡ ಕಾಲೇಜಿಗೆ ಯಾರು ತಗೋತಾರೆ?" ಅಂತ ನಮ್ಮ ಮನೆಯಲ್ಲೇ ಕೇಳಿದವರಿದ್ದಾರೆ. ಅದಕ್ಕೆ ಉತ್ತರ ಹುಡುಕಲು ಅಮೆರಿಕದವರೆಗೆ ಹೋಗಬೇಕಿಲ್ಲ, ಬಾಸರದವರೆಗೆ ಹೋದರೆ ಸಾಕು. ನಿಮ್ಮಲ್ಲಿ ಎಷ್ಟೋ ಮಂದಿ ಮಕ್ಕಳ ಅಕ್ಷರಾಭ್ಯಾಸಕ್ಕೆ ಅಲ್ಲಿನ ಸರಸ್ವತಿ ಗುಡಿಗೆ ಹೋಗಿಬಂದಿದ್ದೀರಿ. ಅದೇ ಊರಿನಲ್ಲಿ ರಾಜೀವ್ ಗಾಂಧಿ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯ ಇದೆ. ಜನ ಕರೆಯುವುದು ಬಾಸರ ತ್ರಿಪಲ್ ಐಟಿ ಅಂತ. 2008ರಲ್ಲಿ, ಆಗಿನ್ನೂ ಒಂದೇ ಆಗಿದ್ದ ಆಂಧ್ರದಲ್ಲಿ, ಬಾಸರ, ನೂಜಿವೀಡು, ಇಡುಪುಲಪಾಯ ಹೀಗೆ ಮೂರು ಕಡೆ ಶುರುವಾಯಿತು. ಹತ್ತನೇ ತರಗತಿ ಮುಗಿದ ಕೂಡಲೇ ಮಕ್ಕಳನ್ನು ತೆಗೆದುಕೊಂಡು, ಎರಡು ವರ್ಷ ಪಿಯುಸಿ, ನಾಲ್ಕು ವರ್ಷ ಬಿಟೆಕ್, ಒಟ್ಟು ಆರು ವರ್ಷ ಅಲ್ಲೇ ಇಟ್ಟು ಓದಿಸುತ್ತಾರೆ. ಪ್ರವೇಶ ಪರೀಕ್ಷೆ ಇಲ್ಲ. ಎಸ್ಸೆಸ್ಸಿ ಫಲಿತಾಂಶವೇ ಆಧಾರ, ಅದೂ ಅದೇ ವರ್ಷ ಮೊದಲ ಪ್ರಯತ್ನದಲ್ಲೇ ಪಾಸಾಗಿರಬೇಕು.

ನನಗೆ ಇಷ್ಟವಾದ ಅಂಶ ಬೇರೆ. ಗ್ರೇಡ್ ಪದ್ಧತಿ ಇದ್ದಾಗ, ಸರ್ಕಾರಿ ಮತ್ತು ಜಿಲ್ಲಾ ಪರಿಷತ್ ಶಾಲೆಯ ಮಕ್ಕಳ ಹತ್ತು ಅಂಕದ ಜಿಪಿಎಗೆ 0.4 ಸೇರಿಸುತ್ತಿದ್ದರು. ಅನುಕೂಲ ಕಡಿಮೆಯಿದ್ದ ಕಡೆ ಓದಿ 9.6 ತೆಗೆದ ಹುಡುಗಿಯೂ, ಎಲ್ಲ ಇರುವ ಕಡೆ 10 ತೆಗೆದ ಹುಡುಗಿಯೂ ಸಮ ಎಂಬ ಲೆಕ್ಕ. ಇದನ್ನು ಕೆಲವರು ರಿಯಾಯಿತಿ ಅನ್ನುತ್ತಾರೆ. ನಾನು ಹಾಗೆ ಅನ್ನುವುದಿಲ್ಲ. ಅಳೆಯುವ ಕೋಲನ್ನು ನೆಲದ ಮೇಲೆ ಸರಿಯಾಗಿ ನಿಲ್ಲಿಸುವುದು ಅನ್ನುತ್ತೇನೆ.

ನನ್ನ ಟೀಮಿನಲ್ಲಿ ಅಲ್ಲಿಂದ ಬಂದ ಹುಡುಗಿಯೊಬ್ಬಳಿದ್ದಾಳೆ. ಜಿಲ್ಲಾ ಪರಿಷತ್ ಶಾಲೆ, ತೆಲುಗು ಮಾಧ್ಯಮ. ಹದಿನೈದು ವರ್ಷದ ಮಗಳನ್ನು ಹಾಸ್ಟೆಲ್ಲಿಗೆ ಕಳಿಸಲು ಅವರಪ್ಪ ಒಪ್ಪಲಿಲ್ಲವಂತೆ. ಅವರಮ್ಮ ಅಣ್ಣನ ಹತ್ತಿರ ಬಸ್ ಚಾರ್ಜು ಇಸಕೊಂಡು, ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ತಾವೇ ಮಗಳನ್ನು ಕರೆದುಕೊಂಡು ಹೊರಟರು. ಮೊದಲ ಕೆಲವು ತಿಂಗಳು ಇಂಗ್ಲಿಷಿನ ಪಾಠ ತಲೆಗೆ ಹೋಗದೆ ರಾತ್ರಿ ಅಳುತ್ತಿದ್ದೆ ಅಂತ ಅವಳು ಈಗ ನಗುತ್ತಾ ಹೇಳುತ್ತಾಳೆ. ಇವತ್ತು ನಾನು ಬರೆದ ಕೋಡಿನಲ್ಲಿ ತಪ್ಪು ಹುಡುಕುವವಳು ಅವಳೇ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳೂ ಬರೆಯುವುದು ತೆಲಂಗಾಣದ ಎಸ್ಸೆಸ್ಸಿಯನ್ನೇ. ಆ ಕಡೆ ನೆಂಟರಿರುವವರು ಫಲಿತಾಂಶ ಬಂದ ವಾರವೇ ಅವರಿಗೆ ಒಂದು ಫೋನ್ ಮಾಡಿ. ಅರ್ಜಿಗೆ ಕೊಡುವ ದಿನಗಳು ಕಡಿಮೆ.

ಈಗ ಇನ್ನೊಂದು ಬಗೆಯ 'ಮೊದಲೇ'. ಬಾಸರದಲ್ಲಿ ವಯಸ್ಸು ಮೊದಲು. ಇಲ್ಲಿ ಅರ್ಜಿಯ ತಿಂಗಳು ಮೊದಲು. ಅಮೆರಿಕದ ಹೆಸರಾಂತ ಕಾಲೇಜುಗಳಲ್ಲಿ ನವೆಂಬರ್ 1ರ ಸುಮಾರಿಗೆ ಒಂದು ಸುತ್ತು, ಜನವರಿಯಲ್ಲಿ ಇನ್ನೊಂದು. ನವೆಂಬರಿನದರಲ್ಲಿ ಎರಡು ಜಾತಿ. 'ಅರ್ಲಿ ಡಿಸಿಷನ್' ಅಂದರೆ ಸೀಟು ಕೊಟ್ಟರೆ ಅಲ್ಲಿಗೇ ಬರುತ್ತೇನೆ, ಬೇರೆ ಕಡೆಯ ಅರ್ಜಿಗಳನ್ನೆಲ್ಲ ಹಿಂದಕ್ಕೆ ತಗೋತೀನಿ ಅಂತ ಮಗು, ಅಪ್ಪ ಅಥವಾ ಅಮ್ಮ, ಶಾಲೆಯವರು ಮೂವರೂ ಸಹಿ ಹಾಕುವುದು. 'ಅರ್ಲಿ ಆ್ಯಕ್ಷನ್' ಅಂದರೆ ಬೇಗ ಉತ್ತರ ಸಿಗುತ್ತದೆ, ಕಟ್ಟುಪಾಡಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಎರಡನೇ ಬಗೆಯವು, ಆದರೆ ಆ ಸುತ್ತಿನಲ್ಲಿ ಬೇರೆ ಖಾಸಗಿ ಕಾಲೇಜಿಗೆ ಮೊದಲೇ ಅರ್ಜಿ ಹಾಕಬಾರದೆಂಬ ಷರತ್ತಿದೆ. ನಮ್ಮಲ್ಲೂ ಅಶೋಕ, ಅಜೀಂ ಪ್ರೇಮ್‌ಜಿಯಂಥ ವಿಶ್ವವಿದ್ಯಾಲಯಗಳು ಬೋರ್ಡ್ ಪರೀಕ್ಷೆಗೆ ಎಷ್ಟೋ ತಿಂಗಳು ಮೊದಲೇ ಅರ್ಜಿ ಕರೆಯುತ್ತವೆ.

ಈ ಮೊದಲ ಸುತ್ತು ಯಾರಿಗೆ ಅನುಕೂಲ? 2006ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್ ಎರಡೂ, ಇದು ಉಳ್ಳವರ ಮಕ್ಕಳಿಗೇ ಹೆಚ್ಚು ಅನುಕೂಲವಾಗುತ್ತಿದೆ ಅಂತ ಹೇಳಿ ಮೊದಲ ಸುತ್ತನ್ನೇ ಕೈಬಿಟ್ಟವು. 2011ರಲ್ಲಿ ಮತ್ತೆ ತಂದವು. ಬೇರೆ ಕಾಲೇಜುಗಳು ಬಿಡಲಿಲ್ಲವಲ್ಲ, ಒಳ್ಳೆಯ ಮಕ್ಕಳು ಅತ್ತ ಹೋಗುತ್ತಿದ್ದರು. ಕಾರಣ ಸುಲಭವಾಗಿ ಅರ್ಥವಾಗುತ್ತದೆ. ಅಕ್ಟೋಬರ್ ಒಳಗೆ ಎಲ್ಲ ಕಾಗದ ಸಿದ್ಧವಾಗಬೇಕಾದರೆ ಶಾಲೆಯಲ್ಲಿ ಅದಕ್ಕೇ ಅಂತ ಒಬ್ಬ ಕೌನ್ಸೆಲರ್ ಇರಬೇಕು, ಇಲ್ಲವೇ ಮನೆಯವರು ಲಕ್ಷಗಟ್ಟಲೆ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಬೇಕು. ಚಿಕ್ಕ ಶಾಲೆಯ ಮಗುವಿಗೆ ಬುದ್ಧಿ ಕಡಿಮೆಯಿಲ್ಲ, ಕಾಗದ ಜೋಡಿಸುವವರಿಲ್ಲ.

ನಮ್ಮ ಹುಡುಗಿಯ ಶಾಲೆಗೆ ನಾನು ಮೊದಲ ಸಲ ಹೋದಾಗ ಪ್ರಿನ್ಸಿಪಾಲ್ ಮೇಡಂ, "ಸ್ಕೂಲ್ ಪ್ರೊಫೈಲ್ ಅಂದರೇನಮ್ಮಾ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಅದು ಒಂದೇ ಪುಟದ ಕಾಗದ. ಶಾಲೆಯಲ್ಲಿ ಮಕ್ಕಳೆಷ್ಟು, ಯಾವ ಬೋರ್ಡು, ಯಾವ ಯಾವ ವಿಷಯ ಕಲಿಸುತ್ತೀರಿ, ಯಾವುದು ಇಲ್ಲ, ಅಂಕ ಹೇಗೆ ಕೊಡುತ್ತೀರಿ, ಮಕ್ಕಳು ಎಂಥ ಮನೆಗಳಿಂದ ಬರುತ್ತಾರೆ ಅಂತ ಬರೆಯುವುದು. 'ಕಂಪ್ಯೂಟರ್ ಸೈನ್ಸ್ ಇಲ್ಲ, ಲ್ಯಾಬಿನಲ್ಲಿ ಒಂದು ಮೈಕ್ರೋಸ್ಕೋಪನ್ನು ಒಂಬತ್ತು ಜನ ಹಂಚಿಕೊಳ್ಳುತ್ತಾರೆ' ಅಂತ ಬರೆಯಲು ಮೇಡಂ ಹಿಂಜರಿದರು. ಶಾಲೆಯ ಮರ್ಯಾದೆ ಹೋಗುತ್ತದೆ ಅಂತ. ನಾನು ಹೇಳಿದೆ, ಮೇಡಂ, ಇದು ಬರೆಯದಿದ್ದರೆ ನಮ್ಮ ಹುಡುಗಿ ಕಂಪ್ಯೂಟರ್ ಸೈನ್ಸ್ ಬೇಡ ಅಂತ ಬಿಟ್ಟಳು ಅಂದುಕೊಳ್ಳುತ್ತಾರೆ. ಶಾಲೆಯಲ್ಲಿ ಇಲ್ಲದ್ದನ್ನು ಮಗು ಓದಲಿಲ್ಲ ಅಂತ ಯಾರೂ ಅಂಕ ಕಳೆಯುವುದಿಲ್ಲ, ಆದರೆ ಇಲ್ಲ ಅನ್ನುವುದು ಅವರಿಗೆ ಗೊತ್ತಾಗಬೇಕು. ಅರ್ಧ ಗಂಟೆಯಲ್ಲಿ ಪುಟ ಸಿದ್ಧವಾಯಿತು.

ಕೌನ್ಸೆಲರ್ ಪತ್ರ ಇನ್ನೊಂದು. ಕೌನ್ಸೆಲರ್ ಇಲ್ಲದ ಶಾಲೆಯಲ್ಲಿ ಪ್ರಿನ್ಸಿಪಾಲರೇ ಆ ಜಾಗದಲ್ಲಿ ಬರೆಯಬಹುದು, 'ಕಾಮನ್ ಆ್ಯಪ್' ಅದಕ್ಕೆ ಅವಕಾಶ ಕೊಡುತ್ತದೆ. ಮೇಡಂ ಮೊದಲು ಬರೆದ ಪತ್ರ ಎರಡು ಸಾಲು: ಹುಡುಗಿ ಒಳ್ಳೆಯವಳು, ನಡತೆ ತೃಪ್ತಿಕರ. ಪತ್ರ ಕೊಟ್ಟು, ಚಹಾ ತರಿಸಿ, ಮಾತಾಡುತ್ತಾ ಹೇಳಿದರು, ಗಣಿತದ ಟೀಚರ್ ಹೆರಿಗೆ ರಜೆ ಹಾಕಿದಾಗ ಆರು ವಾರ ಊಟದ ವೇಳೆಯಲ್ಲಿ ಹತ್ತನೇ ತರಗತಿಯವರಿಗೆ ಇವಳೇ ಲೆಕ್ಕ ಹೇಳಿಕೊಟ್ಟಳು, ಅದರಲ್ಲಿ ಒಬ್ಬ ಹುಡುಗ ಶಾಲೆ ಬಿಡುವುದರಲ್ಲಿದ್ದವನು ಉಳಿದುಕೊಂಡ ಅಂತ. "ಮೇಡಂ, ಇದನ್ನೇ ಬರೆಯಿರಿ" ಅಂದೆ. "ಇದನ್ನೂ ಬರೀಬಹುದಾ?" ಅಂದರು. ಸಾವಿರಾರು ಮಕ್ಕಳಿರುವ ಕಾಲೇಜಿನಲ್ಲಿ ಇಂಥದ್ದನ್ನು ಯಾರೂ ಬರೆಯಲಾರರು, ಅವರಿಗೆ ಮಗುವಿನ ಹಾಲ್ ಟಿಕೆಟ್ ನಂಬರ್ ಗೊತ್ತು, ಮಗು ಗೊತ್ತಿಲ್ಲ. ಕೆಲವು ಏಜೆಂಟರು ಪತ್ರವನ್ನೂ ತಾವೇ ಬರೆದುಕೊಡುತ್ತೇವೆ ಅನ್ನುತ್ತಾರೆ. ದಯವಿಟ್ಟು ಅವರ ಸಹವಾಸ ಬೇಡ. ಸುಳ್ಳಿನ ಪತ್ರ ಸಿಕ್ಕಿಬಿದ್ದರೆ ಪೆಟ್ಟು ತಿನ್ನುವುದು ಮಗು.

ಇಂಟರ್‌ಮೀಡಿಯೆಟ್ ಓದುವ ಮಕ್ಕಳ ಅಮ್ಮಂದಿರು ಒಂದು ವಿಷಯ ಗಮನಿಸಿ. 9 ಮತ್ತು 10ನೇ ತರಗತಿಯ ಅಂಕ ಹಳೆಯ ಶಾಲೆಯಲ್ಲಿರುತ್ತದೆ, 11ರದ್ದು ಜೂನಿಯರ್ ಕಾಲೇಜಿನಲ್ಲಿ. ಎರಡೂ ಕಡೆಯಿಂದ ಸೀಲು, ಸಹಿ ತರಬೇಕು. ಬೇಸಿಗೆ ರಜೆಯಲ್ಲಿ ಹೋದರೆ ಕ್ಲರ್ಕ್ ಸಿಗುವುದಿಲ್ಲ. ಹೆಸರಿನ ಗೋಜಲು ನಮ್ಮವರಿಗೆ ಬೇರೆ ಇದೆ. ಕರ್ನಾಟಕದಲ್ಲಿ ಅಪ್ಪನ ಹೆಸರಿನ ಇನಿಶಿಯಲ್, ಇಲ್ಲಿ ಹೆಸರಿನ ಮುಂದೆ ಇಂಟಿಪೇರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಬೇರೆ. ಹತ್ತನೇ ತರಗತಿಯ ಮೆಮೊ, ಆಧಾರ್, ಪಾಸ್‌ಪೋರ್ಟ್ ಮೂರೂ ಒಂದೇ ಹೆಸರು ಹೇಳುತ್ತವೆಯೇ ಅಂತ ಇವತ್ತು ಮನೆಗೆ ಹೋಗಿ ನೋಡಿ. ಜೆಇಇ ಬರೆಯುವವರಿಗೂ ಇದು ಬೇಕು. ಅದಕ್ಕೆ ಕೇಳುವ ಒಬಿಸಿ, ಇಡಬ್ಲ್ಯೂಎಸ್ ಪತ್ರಗಳು ಪರೀಕ್ಷೆಯ ವರ್ಷದ ಏಪ್ರಿಲ್ 1ರ ನಂತರ ಕೊಟ್ಟವೇ ಆಗಿರಬೇಕು, ಹಳೆಯದು ನಡೆಯುವುದಿಲ್ಲ.

ದುಡ್ಡಿನ ಮಾತು. ಅಮೆರಿಕದ ಹಲವು ಖಾಸಗಿ ಕಾಲೇಜುಗಳಲ್ಲಿ ಈಗ ಊಟ ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟಿದೆ. ನಮ್ಮ ಲೆಕ್ಕದಲ್ಲಿ ಸುಮಾರು 70 ಲಕ್ಷ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಸೇರಿ ಬೆರಳೆಣಿಕೆಯ ಕಾಲೇಜುಗಳು ಮಾತ್ರ ಹೊರದೇಶದ ಮಕ್ಕಳನ್ನೂ ಹಣದ ಅಗತ್ಯ ನೋಡದೆ ಆಯ್ಕೆ ಮಾಡಿ, ಆಮೇಲೆ ಬೇಕಾದಷ್ಟು ಸಹಾಯ ಕೊಡುತ್ತವೆ. ಉಳಿದ ಕಡೆ ಸಹಾಯ ಕೇಳಿದರೆ ಆಯ್ಕೆಯೇ ಬಿಗಿಯಾಗುತ್ತದೆ. ಹಾಗಂತ ಮೊದಲು ಕೇಳದೆ ಸೀಟು ಸಿಕ್ಕ ಮೇಲೆ ಕೇಳೋಣ ಅಂದರೆ, ಹೊರದೇಶದವರಿಗೆ ಎಷ್ಟೋ ಕಾಲೇಜುಗಳು ಆ ಬಾಗಿಲನ್ನೇ ಮುಚ್ಚಿರುತ್ತವೆ.

ಅರ್ಲಿ ಡಿಸಿಷನ್ ಹಾಕಿದರೆ ಸಿಗುವ ಅವಕಾಶ ಹೆಚ್ಚು ಅಂತ ಹುಡುಗಿ ಎಲ್ಲೋ ಓದಿಕೊಂಡು ಬಂದಳು. ಸಾಮಾನ್ಯವಾಗಿ ಅದು ನಿಜ, ಬಂದೇ ಬರುತ್ತೇನೆ ಅನ್ನುವವರನ್ನು ತೆಗೆದುಕೊಳ್ಳಲು ಕಾಲೇಜಿಗೂ ಧೈರ್ಯ. "ಚಿಕ್ಕಮ್ಮಾ, ಅಪ್ಪನ ಹತ್ರ ಸಹಿ ಹಾಕಿಸಿ" ಅಂತ ಎರಡು ವಾರ ನನ್ನ ಬೆನ್ನು ಬಿಡಲಿಲ್ಲ. ಭಾವನವರು ಕಾಗದ ಓದಿ ಒಂದೇ ಮಾತು ಕೇಳಿದರು, "ಎಷ್ಟಾಗ್ತದೆ ಅಂತ ಹೇಳೋಕಿಂತ ಮೊದಲೇ ಬರ್ತೀನಿ ಅಂತ ಸಹಿ ಹಾಕಬೇಕಾ?" ಸಹಾಯಧನ ಸಾಲದಿದ್ದರೆ ಒಪ್ಪಂದದಿಂದ ಬಿಡಿಸಿಕೊಳ್ಳಬಹುದು, ಆ ದಾರಿ ಇದೆ. ಆದರೆ ನಾಲ್ಕು ಕಡೆಯ ಲೆಕ್ಕ ಎದುರಿಗಿಟ್ಟು ಹೋಲಿಸುವ ಅವಕಾಶ ಹೋಯಿತು. ಮನೆ ಅಡವಿಟ್ಟು ಸಾಲ ತೆಗೆಯಬೇಕಾದ ಕುಟುಂಬಕ್ಕೆ ಹೋಲಿಕೆಯೇ ಮುಖ್ಯ. ನನ್ನ ಅಭಿಪ್ರಾಯ ಖಡಾಖಂಡಿತ: ಪೂರ್ತಿ ಫೀಸನ್ನು ಸಾಲವಿಲ್ಲದೆ ಕಟ್ಟಬಲ್ಲವರು ಬಿಟ್ಟರೆ ಉಳಿದವರು ಅರ್ಲಿ ಡಿಸಿಷನ್ ಸಹಿಗೆ ಅವಸರ ಮಾಡಬೇಡಿ. ಕಟ್ಟುಪಾಡಿಲ್ಲದ ಸುತ್ತುಗಳಿಗೆ ಮಾತ್ರ ಮೊದಲೇ ಹಾಕಿ.

ಹಾಗೇ ಮಾಡಿದೆವು. ಹುಡುಗಿ ಎರಡು ದಿನ ಊಟ ಬಿಟ್ಟಳು, ಅದೂ ನಡೆಯಿತು. ಡಿಸೆಂಬರ್ ಮಧ್ಯದಲ್ಲಿ ಅಮೆರಿಕದಿಂದ 'ಡಿಫರ್' ಅಂತ ಬಂತು, ಅಂದರೆ ಹೂಂ ಅಲ್ಲ, ಊಹೂಂ ಅಲ್ಲ, ಮುಂದಿನ ಸುತ್ತಿನಲ್ಲಿ ನೋಡುತ್ತೇವೆ. ಮಾರ್ಚಿನಲ್ಲಿ ಸೀಟು ಸಿಕ್ಕಿತು, ಸಹಾಯ ಕಳೆದು ಉಳಿದದ್ದು ವರ್ಷಕ್ಕೆ 18 ಲಕ್ಷ. ಅಷ್ಟು ಹೊತ್ತಿಗೆ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಿಂದ ಹೆಚ್ಚುಕಡಿಮೆ ಪೂರ್ತಿ ಫೀಸು ಮನ್ನಾ ಆದ ಪತ್ರ ಬಂದು ಕೂತಿತ್ತು. ಎರಡೂ ಪತ್ರಗಳನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಅವಳೇ ಬೆಂಗಳೂರು ಅಂದಳು. ಮನಸ್ಸಿಗೆ ನೋವಾಗಲಿಲ್ಲವೇ? ಆಯಿತು. ಅಮೆರಿಕದ ಕಾಲೇಜಿನ ಚಿತ್ರ ಅವಳ ಗೋಡೆಯ ಮೇಲೆ ಇನ್ನೂ ಇದೆ, ಅಕ್ಕ ತೆಗೆದಿಲ್ಲ.

ಕೊನೆಯದಾಗಿ, ನಮ್ಮಲ್ಲಿ ಅನೇಕರಿಗೆ ಗೊತ್ತೇ ಇಲ್ಲದ ಒಂದು ದಾರಿ. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯವಾಗಿ ಅಲ್ಲಿ ಏಳು ವರ್ಷ ಓದಿರಬೇಕು. ಆದರೆ ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ಕಲಮುಗಳಿವೆ, ಅವರಿಗಾಗಿ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ. ಯಾರಿಗೆ ಅನ್ವಯ ಅನ್ನುವುದನ್ನು ಆಯಾ ವರ್ಷದ ಕೈಪಿಡಿಯಲ್ಲೇ ಓದಿಕೊಳ್ಳಿ, ವಾಟ್ಸ್ಆ್ಯಪ್ ನಂಬಬೇಡಿ. ಕನ್ನಡ ಓದಲು ಬರೆಯಲು ಬಂದರೆ ಮಾತ್ರ ಈ ದಾರಿ. ಕಾಚಿಗುಡದ ನೃಪತುಂಗ ಶಾಲೆಯ ಮಕ್ಕಳಿಗೆ ಅದು ಕಷ್ಟವಲ್ಲ. ನಮ್ಮ ಗಚ್ಚಿಬೌಲಿ, ಕೊಂಡಾಪುರದ ಮಕ್ಕಳಿಗೆ ಈ ರಜೆಯಲ್ಲೇ ಶುರುಮಾಡಬೇಕು.

ನಮ್ಮ ಹುಡುಗಿಯ ಶಾಲೆಯ ಪ್ರೊಫೈಲ್‌ನಿಂದ ಹೆಸರು ತೆಗೆದು ಹತ್ತು ಪ್ರತಿ ತಂದಿದ್ದೇನೆ. ಮನೆಯಲ್ಲಿ 11ನೇ ತರಗತಿಯ ಮಕ್ಕಳಿರುವವರು ಊಟಕ್ಕೆ ಏಳುವ ಮೊದಲು ಬಂದು ತೆಗೆದುಕೊಳ್ಳಿ. ಪ್ರತಿ ಸಾಲದಿದ್ದರೆ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಬಹುದು.