ಒಳದನಿಗೊಂದು ಒರೆಗಲ್ಲು



ಈ ಸಂಜೆ ನಾನು ಮಾತನಾಡಬೇಕಾಗಿರುವ ವಿಷಯ ಅನುಭಾವ. ಅದರಲ್ಲಿಯೂ ಕ್ರೈಸ್ತರು ಅನುಭಾವವನ್ನು ಹೇಗೆ ಕಾಣುತ್ತಾರೆ, ಆ ದಾರಿಯಲ್ಲಿ ನಡೆಯುವವನಿಗೆ ಮಾರ್ಗದರ್ಶಕನು ಏಕೆ ಬೇಕು ಎಂಬುದು. ನಾನು ಧರ್ಮಗುರುವಲ್ಲ, ಸಾಧಕನೂ ಅಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವ ಅಧ್ಯಾಪಕ. ಇಂಥ ವಿಷಯಕ್ಕೆ ಕೈಹಾಕಲು ನಿನಗೇನು ಅಧಿಕಾರವೆಂದು ನೀವು ಕೇಳಬಹುದು. ಅಧಿಕಾರವಿಲ್ಲ, ಒಂದು ಋಣವಿದೆ. ಅದನ್ನು ಮೊದಲು ಹೇಳಿ ಮುಂದುವರಿಯುವೆನು.

ಕೆಲವು ವರ್ಷಗಳ ಹಿಂದೆ ಹಳಿಯಾಳದ ಕಡೆಯ ಒಂದು ಕ್ರೈಸ್ತ ಮನೆತನದ ಹುಡುಗನು ನನ್ನ ತರಗತಿಯಲ್ಲಿ ಓದುತ್ತಿದ್ದನು. ಒಂದು ಸಂಜೆ ಮನೆಗೆ ಬಂದು, ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಕೊನೆಗೆ ಹೇಳಿದನು: “ಸಾರ್, ಪ್ರಾರ್ಥನೆ ಮಾಡುವಾಗ ನನಗೊಂದು ಕರೆ ಕೇಳಿಸುತ್ತಿದೆ. ಓದು ಬಿಟ್ಟುಬಿಡು, ಉಪವಾಸ ಮಾಡು ಅನ್ನುತ್ತದೆ. ಅದು ದೇವರದೋ ನನ್ನ ಮನಸ್ಸಿನದೋ ತಿಳಿಯುವುದಿಲ್ಲ. ನೀವು ಓದಿದವರು, ಹೇಳಿ.” ನಾನು ಓದಿದವನೇ ಹೌದು. ಎದ್ದು ಹೋಗಿ, ಅನುಭಾವಿಗಳನ್ನು ಕುರಿತ ಒಂದು ಇಂಗ್ಲಿಷ್ ಪುಸ್ತಕವನ್ನು ಕಪಾಟಿನಿಂದ ತೆಗೆದು ಅವನ ಕೈಗೆ ಕೊಟ್ಟು ಕಳುಹಿಸಿದೆನು.

ಎರಡು ತಿಂಗಳಲ್ಲಿ ಅವನು ಕಾಲೇಜಿಗೆ ಬರುವುದು ನಿಂತಿತು. ವರುಷ ಕಳೆದ ಮೇಲೆ ದಾಂಡೇಲಿಯ ಬಸ್ ನಿಲ್ದಾಣದಲ್ಲಿ ಕಂಡನು. ಗುರುತು ಹತ್ತುವುದೇ ಕಷ್ಟವಾಯಿತು. ಯಾರೋ ಒಬ್ಬ ಬೋಧಕರ ಬಳಿಗೆ ಹೋಗಿದ್ದನಂತೆ. ಅವರು ಒಂದೇ ಭೇಟಿಯಲ್ಲಿ ಅದು ದೇವರ ಕರೆಯೆಂದು ತೀರ್ಮಾನಿಸಿ, ನಲವತ್ತು ದಿನಗಳ ಉಪವಾಸವನ್ನು ವಿಧಿಸಿದರಂತೆ. ಇಪ್ಪತ್ತನೆಯ ದಿನಕ್ಕೆ ಆಸ್ಪತ್ರೆ. ಔಷಧೋಪಚಾರಕ್ಕಾಗಿ ಮನೆಯ ಜೋಡಿ ಎತ್ತುಗಳು ಮಾರಿಹೋದುವು. “ಅವರು ನನ್ನನ್ನು ಏನೊಂದೂ ಕೇಳಲಿಲ್ಲ ಸಾರ್,” ಎಂದನು. ಅವರನ್ನು ದೂರುವ ಧ್ವನಿಯಲ್ಲಿ ಅಲ್ಲ. ಆದರೆ ನಾನೂ ಏನೊಂದನ್ನೂ ಕೇಳಿರಲಿಲ್ಲವೆಂಬುದು ನನಗೆ ಆಗಲೇ ನೆನಪಾಯಿತು. ಮಾರನೆಯ ವಾರ ಅವನು ನನ್ನ ಪುಸ್ತಕವನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ತಂದು ಹಿಂದಕ್ಕೆ ಕೊಟ್ಟನು.

ಅಂದು ಅವನನ್ನು ನಾನು ಕೇಳಬೇಕಾಗಿದ್ದ ಪ್ರಶ್ನೆಗಳು ಯಾವುವು? ಈ ಭಾಷಣದ ವಿಷಯ ಅಷ್ಟೇ.

ಆ ಹುಡುಗನ ಸೀಮೆಯಲ್ಲಿ ಈ ಪ್ರಶ್ನೆ ಹೊಸದಲ್ಲ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡು, ಇವು ನಕ್ಷೆಯಲ್ಲಿ ಅಂಗೈಯಗಲದ ಕಾಡುಸೀಮೆ. ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿ ಚೆನ್ನಬಸವಣ್ಣನವರ ಸಮಾಧಿಯಿದೆ. ಕಲ್ಯಾಣದ ವಿಪ್ಲವದ ತರುವಾಯ ಶರಣರು ಈ ಅರಣ್ಯವನ್ನು ಹೊಕ್ಕು ಬಂದರೆಂಬುದು ಪರಂಪರೆಯ ಮಾತು. ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟ್ಟಿನ ನಿರಾಶ್ರಿತರ ವಸತಿ ಸ್ಥಾಪಿತವಾಯಿತು. ಲ್ಹಾಸಾದ ಸಮೀಪದಲ್ಲಿ 1409ರಲ್ಲಿಯೂ 1416ರಲ್ಲಿಯೂ ಹುಟ್ಟಿದ ಗಾಂದೆನ್, ದ್ರೆಪುಂಗ್ ಮಹಾವಿಹಾರಗಳು ಇಲ್ಲಿ ಮರುಹುಟ್ಟು ಪಡೆದಿವೆ. ಹಳಿಯಾಳ, ಮುಂಡಗೋಡುಗಳ ಊರುಗಳಲ್ಲಿ ಕ್ರೈಸ್ತ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟವನ್ನು ಹತ್ತಿದವರ ಸಂತತಿಯೂ ಅವರಲ್ಲಿದೆ. ಇಗರ್ಜಿಗೆ ಹೋಗುವ ಸಿದ್ದಿಗಳ ಮನೆಯಲ್ಲಿಯೂ ‘ಹಿರಿಯರ’ನ್ನು ನೆನೆಯುವ ಆಚರಣೆ ಉಂಟು. ಶರಣರು, ಲಾಮಾಗಳು, ಹಿರಿಯರು: ಕಾಣದುದರ ಕಡೆಗೆ ಒಬ್ಬನೇ ಹೋಗಬೇಡವೆಂದು ಈ ಕಾಡು ಮೂರು ಬಗೆಯಲ್ಲಿ ಹೇಳುತ್ತಿದೆ.

ಅನುಭಾವವನ್ನು ಪರೀಕ್ಷಿಸುವುದು ಕನ್ನಡಿಗರಿಗೆ ಅಪರಿಚಿತವಲ್ಲ. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುವು ಆಕೆಯನ್ನು ಹೊಗಳಿ ಬರಮಾಡಿಕೊಳ್ಳಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದನು. ಆಕೆಯೂ ಅದನ್ನು ಅಪಮಾನವೆಂದು ಎಣಿಸಲಿಲ್ಲ. ಟಿಬೆಟ್ಟಿನವರಲ್ಲಿಯೂ, ಗುರುವೆಂದು ಒಪ್ಪಿಕೊಳ್ಳುವ ಮೊದಲು ಆ ಗುರುವನ್ನೇ ದೀರ್ಘಕಾಲ ಪರೀಕ್ಷಿಸಬೇಕೆಂಬ ವಿಧಿಯಿದೆ.

ಇನ್ನು ಕ್ರೈಸ್ತರ ದೃಷ್ಟಿಗೆ ಬರೋಣ. ಕ್ರೈಸ್ತನಿಗೆ ಅನುಭಾವವೆಂದರೆ ದೇವರೊಡನೆ ಪ್ರೇಮದಲ್ಲಿ ಒಂದಾಗುವುದು. ಆದರೆ ಆ ಐಕ್ಯದಲ್ಲಿಯೂ ಜೀವನು ಜೀವನಾಗಿಯೇ, ದೇವರು ದೇವರಾಗಿಯೇ ಉಳಿಯುತ್ತಾರೆ. ಎರಡನೆಯದಾಗಿ, ಅದು ಸಾಧನೆಯ ಕೂಲಿಯಲ್ಲ, ಕೃಪೆಯ ದಾನ. ಉಪವಾಸ ಜಾಗರಣೆಗಳಿಂದ ಅದನ್ನು ಕೊಂಡುಕೊಳ್ಳಲಾಗದು. ಮೂರನೆಯದಾಗಿ, ದರ್ಶನ, ಧ್ವನಿ, ಪುಳಕಗಳು ಅನುಭಾವದ ಸಾರವಲ್ಲ. ಅವು ಬರಬಹುದು, ಬಾರದಿರಬಹುದು, ಮೋಸವೂ ಆಗಿರಬಹುದು. ಹೊಸ ಒಡಂಬಡಿಕೆಯಲ್ಲಿ ಯೋಹಾನನ ಮೊದಲನೆಯ ಪತ್ರಿಕೆಯು ಎಲ್ಲ ಆತ್ಮಗಳನ್ನೂ ನಂಬಬಾರದು, ಪರೀಕ್ಷಿಸಬೇಕು ಎಂದು ಎಚ್ಚರಿಸುತ್ತದೆ. ಪೌಲನು ಪವಿತ್ರಾತ್ಮನ ಫಲಗಳನ್ನು ಎಣಿಸುವಾಗ ಪ್ರೀತಿ, ಶಾಂತಿ, ತಾಳ್ಮೆ, ದಯೆ ಮುಂತಾದುವನ್ನು ಹೇಳುತ್ತಾನೆಯೇ ಹೊರತು ದರ್ಶನಗಳನ್ನು ಹೇಳುವುದಿಲ್ಲ. ಪ್ರಾಟೆಸ್ಟಂಟರು ಧರ್ಮಗ್ರಂಥವನ್ನೂ ಸಭೆಯನ್ನೂ, ಕಥೋಲಿಕರು ಅವುಗಳೊಡನೆ ಗುರುಪರಂಪರೆಯನ್ನೂ ಒರೆಗಲ್ಲಾಗಿ ಹಿಡಿದಿರುವರು. ಒರೆಗಲ್ಲೇ ಬೇಡವೆಂದು ಇಬ್ಬರೂ ಹೇಳಿಲ್ಲ.

ಈ ಒರೆಗಲ್ಲನ್ನು ಒಂದು ಶಾಸ್ತ್ರವಾಗಿ ಬೆಳೆಸಿದವನು ಸ್ಪೇನ್ ದೇಶದ ಸಂತ ಇಗ್ನೇಷಿಯಸ್ ಲೊಯೋಲ. ಅವನು ಮೊದಲು ಸೈನಿಕ. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿಯ ಗುಂಡು ತಗುಲಿ ಕಾಲು ಮುರಿಯಿತು. ಹಾಸಿಗೆ ಹಿಡಿದವನು ಓದಲು ವೀರಕಥೆಗಳನ್ನು ಬೇಡಿದನು. ಮನೆಯಲ್ಲಿ ಅವು ಸಿಗಲಿಲ್ಲ. ಕ್ರಿಸ್ತನ ಚರಿತ್ರೆಯೂ ಸಂತರ ಚರಿತ್ರೆಗಳೂ ಸಿಕ್ಕಿದುವು. ಕೆಲವು ಹೊತ್ತು ಅವನು ರಾಜಸ್ತ್ರೀಯೊಬ್ಬಳ ಸೇವೆಯಲ್ಲಿ ಮಾಡುವ ಸಾಹಸಗಳ ಕನಸು ಕಾಣುವನು. ಕೆಲವು ಹೊತ್ತು ಸಂತರಂತೆ ಬಾಳುವ ಕನಸು ಕಾಣುವನು. ಎರಡೂ ಕಾಣುವಾಗ ಸವಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಬರಡಾಗುವುದು. ಎರಡನೆಯದು ಮುಗಿದ ಮೇಲೆಯೂ ತಣಿವು ಉಳಿಯುವುದು. ಒಂದು ದಿನ ಈ ವ್ಯತ್ಯಾಸವು ಅವನ ಗಮನಕ್ಕೆ ಬಂದಿತು. ಅವನ ವಿವೇಚನೆಯೆಲ್ಲವೂ ಈ ಚಿಕ್ಕ ಗಮನಿಕೆಯಿಂದ ಹುಟ್ಟಿತು: ಭಾವವು ಬಂದಾಗ ಹೇಗಿತ್ತೆಂಬುದನ್ನಷ್ಟೇ ಅಲ್ಲ, ಹೋದ ಮೇಲೆ ಏನನ್ನು ಬಿಟ್ಟುಹೋಯಿತೆಂಬುದನ್ನು ನೋಡು.

ಮುಂದೆ ಮನ್ರೇಸಾ ಎಂಬ ಊರಿನಲ್ಲಿ ತಪಸ್ಸಿಗೆ ನಿಂತಾಗ ಅವನಿಗೆ ಗಾಳಿಯಲ್ಲಿ ಹೊಳೆಯುವ ಒಂದು ರೂಪವು ಅನೇಕ ಸಲ ಕಾಣಿಸಿತು. ಹಾವಿನಂಥ ಆಕಾರ, ಮೈತುಂಬ ಕಣ್ಣುಗಳಂಥ ಮಿನುಗು. ನೋಡಿದರೆ ಬಲು ಆನಂದ. ಕೆಲವು ಕಾಲದ ಮೇಲೆ, ಶಿಲುಬೆಯೊಂದರ ಮುಂದೆ ಮೊಣಕಾಲೂರಿದ್ದಾಗ, ಆ ರೂಪದ ಬಣ್ಣ ಮಾಸಿದಂತೆ ತೋರಿತು. ಅದು ದೇವರಿಂದ ಬಂದುದಲ್ಲವೆಂದು ತಿಳಿದು ಅದನ್ನು ತಳ್ಳಿಬಿಟ್ಟನು. ಆನಂದವೊಂದೇ ಸತ್ಯಕ್ಕೆ ಸಾಕ್ಷಿಯಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಅಧ್ಯಾಪಕನಾದ ನನಗೆ ಇನ್ನೊಂದು ಪ್ರಸಂಗ ಹೆಚ್ಚು ಪ್ರಿಯ. 33 ವರ್ಷದವನಾಗಿ ಇಗ್ನೇಷಿಯಸನು ಬಾರ್ಸಿಲೋನದಲ್ಲಿ ಲ್ಯಾಟಿನ್ ವ್ಯಾಕರಣವನ್ನು ಕಲಿಯಲು ಹೊರಟನು. ಬಾಯಿಪಾಠಕ್ಕೆ ಕುಳಿತರೆ ಸಾಕು, ದಿವ್ಯವಾದ ಹೊಳಹುಗಳು ಬರತೊಡಗುವುವು. ಪಾಠ ತಲೆಗೆ ಹತ್ತದು. ಆಗ ಅವನು ಯೋಚಿಸಿದನು: ಪ್ರಾರ್ಥನೆಗೆ ಕುಳಿತಾಗ ಬಾರದ ಈ ಹೊಳಹುಗಳು ಪಾಠದ ಹೊತ್ತಿಗೆ ಏಕೆ ಬರಬೇಕು? ಇದು ಮೋಸವೆಂದು ನಿಶ್ಚಯಿಸಿ, ಉಪಾಧ್ಯಾಯನನ್ನು ಇಗರ್ಜಿಗೆ ಕರೆದುಕೊಂಡು ಹೋಗಿ, ತನ್ನ ಮನಸ್ಸಿನಲ್ಲಿ ನಡೆದುದನ್ನೆಲ್ಲ ಬಿಚ್ಚಿ ಹೇಳಿ, ರೊಟ್ಟಿ ನೀರು ಸಿಕ್ಕುವ ತನಕ ಎರಡು ವರ್ಷ ಪಾಠವನ್ನು ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟನು. ನನ್ನ ವಿದ್ಯಾರ್ಥಿಗೆ ಕೊಟ್ಟ ಪುಸ್ತಕದ ಬದಲು ಈ ಕಥೆಯನ್ನು ಹೇಳಿದ್ದರೆ!

1548ರಲ್ಲಿ ಅಚ್ಚಾದ ‘ಆಧ್ಯಾತ್ಮಿಕ ಅಭ್ಯಾಸಗಳು’ ಎಂಬ ಕೈಪಿಡಿಯಲ್ಲಿ ಅವನು ಹಾಕಿಕೊಟ್ಟ ನಿಯಮಗಳಲ್ಲಿ ಮೂರನ್ನು ಇಲ್ಲಿ ಹೇಳುವೆನು. ಮನಸ್ಸು ಕತ್ತಲುಗಟ್ಟಿದಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬೇಡ. ಒಳ್ಳೆಯದೆಂದು ತೋರುವ ಆಲೋಚನೆಯ ಮೊದಲು, ನಡು, ಕೊನೆ ಮೂರನ್ನೂ ನೋಡು. ಕೊನೆಯಲ್ಲಿ ಅದು ನಿನ್ನನ್ನು ಕೆಟ್ಟುದಕ್ಕೋ ಕಳವಳಕ್ಕೋ ನೂಕಿದರೆ ಅದರ ಮೂಲವನ್ನು ಸಂದೇಹಿಸು. ಗುಟ್ಟಾಗಿಯೇ ಇರಲು ಬಯಸುವ ಪ್ರೇರಣೆಯನ್ನು ಬಲ್ಲವನೊಬ್ಬನ ಮುಂದೆ ಹೇಳಿಬಿಡು; ಬೆಳಕಿಗೆ ಬಂದರೆ ಕಪಟವು ಸೋಲುತ್ತದೆ.

ಹಾಗಾದರೆ ಆ ‘ಬಲ್ಲವನು’ ಎಂಥವನಿರಬೇಕು? 1577ರಲ್ಲಿ ಆತ್ಮವನ್ನು ಏಳು ನಿಲಯಗಳ ಕೋಟೆಯಾಗಿ ವರ್ಣಿಸಿದ ಅವಿಲಾದ ಸಂತ ತೆರೇಸಳು, ಅರೆಬರೆ ಕಲಿತ ಗುರುಗಳಿಂದ ತನಗೆ ಬಹಳ ಹಾನಿಯಾಯಿತೆಂದು ಸ್ಪಷ್ಟವಾಗಿ ಬರೆದಿದ್ದಾಳೆ. ಭಕ್ತಿಯೊಂದೇ ಇದ್ದವನಿಗಿಂತ ವಿದ್ಯೆಯೂ ಇದ್ದವನು ಆಕೆಗೆ ಬೇಕು. ಆಕೆಯ ಸಹಚರನಾದ ಶಿಲುಬೆಯ ಸಂತ ಯೋಹಾನನು, ದರ್ಶನಗಳಿಗೆ ಆಸೆಪಡುವುದೇ ಒಂದು ತೊಡಕೆಂದೂ, ಶಿಷ್ಯನನ್ನು ಅವುಗಳಿಗೆ ಅಂಟಿಸುವ ಗುರುವು ಅಪಾಯಕಾರಿಯೆಂದೂ ಎಚ್ಚರಿಸಿದನು. ಇಗ್ನೇಷಿಯಸನ ಮಾತು ಇನ್ನೂ ಸೂಕ್ಷ್ಮವಾದುದು. ಮಾರ್ಗದರ್ಶಕನು ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು. ಯಾವ ಕಡೆಗೂ ವಾಲಬಾರದು. ದೇವರು ಆ ಜೀವದೊಡನೆ ತಾನೇ ವ್ಯವಹರಿಸಲು ಎಡೆಗೊಡಬೇಕು. ಗುರುವನ್ನು ದೇವರ ಸ್ಥಾನದಲ್ಲಿಟ್ಟು ನೋಡುವ ನಮಗೆ ಈ ಮಾತು ವಿಚಿತ್ರವಾಗಿ ಕಾಣಬಹುದು. ಕ್ರೈಸ್ತರ ದೃಷ್ಟಿಯಲ್ಲಿ ಗುರುವು ದಾರಿಯ ಪಕ್ಕದ ಕೈಮರ. ಅದು ದಾರಿಗೆ ಅಡ್ಡವಾಗಿ ನಿಂತರೆ ಕೈಮರವಲ್ಲ, ಬೇಲಿ.

ಮಾರ್ಗದರ್ಶನಕ್ಕೂ ಒಂದು ಮಿತಿಯಿದೆ. ಜೋಯಿಡಾದ ಗಡಿಯಾಚೆಯ ಗೋವೆಗೆ 1542ರಲ್ಲಿ ಬಂದಿಳಿದ ಸಂತ ಫ್ರಾನ್ಸಿಸ್ ಕ್ಸೇವಿಯರನು ಇಗ್ನೇಷಿಯಸನ ಸಂಗಡಿಗ. ಸಂಗಡಿಗರ ಕಾಗದಗಳಿಂದ ಅವರ ಸಹಿಗಳನ್ನು ಕತ್ತರಿಸಿ ಅವನು ಕೊರಳಲ್ಲಿ ಧರಿಸಿದ್ದನು. 1553ರ ಜೂನ್ 28ರಂದು ಇಗ್ನೇಷಿಯಸನು ಅವನನ್ನು ಯುರೋಪಿಗೆ ಹಿಂದಿರುಗುವಂತೆ ಕರೆದು ಬರೆದನು. ಕ್ಸೇವಿಯರನಾದರೋ 1552ರ ಡಿಸೆಂಬರಿನಲ್ಲಿಯೇ ಚೀನದ ಕರಾವಳಿಯ ಒಂದು ದ್ವೀಪದಲ್ಲಿ ತೀರಿಕೊಂಡಿದ್ದನು. ಗುರುವಿನ ಕಾಗದ ತಲಪುವ ತನಕ ಶಿಷ್ಯನು ಕೈಕಟ್ಟಿ ಕುಳಿತಿರಲಾಗದು. ತನ್ನೊಳಗನ್ನು ತಾನೇ ಓದಿಕೊಳ್ಳುವುದನ್ನು ಕಲಿಸಿದ್ದರೆ ಮಾತ್ರ ಗುರುವಿನ ಕೆಲಸ ಪೂರ್ಣ.

ಇನ್ನೊಬ್ಬ ಜೆಸುಯಿಟ್ ಪಾದ್ರಿಯ ಹೆಸರು ನಮ್ಮನ್ನು ಮತ್ತೆ ಮುಂಡಗೋಡಿಗೆ ಕರೆತರುತ್ತದೆ. ಇಟಲಿಯ ಇಪ್ಪೋಲಿತೊ ದೆಸಿದೆರಿಯು 1716ರಲ್ಲಿ ಲ್ಹಾಸಾವನ್ನು ಸೇರಿ, ದ್ರೆಪುಂಗ್ ಗಾಂದೆನ್‌ಗಳ ಸೋದರ ವಿಹಾರವಾದ ಸೆರಾದಲ್ಲಿ ಭಿಕ್ಷುಗಳೊಡನೆ ಕುಳಿತು ಅವರ ಶಾಸ್ತ್ರಗಳನ್ನು ಓದಿದನು. ಅವನ ಉದ್ದೇಶ ಖಂಡನೆಯೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಖಂಡಿಸುವ ಮುನ್ನ ಕೇಳಿದನು, ಕಲಿತನು, ಅವರದೇ ಭಾಷೆಯಲ್ಲಿ ಬರೆದನು. ಟಿಬೆಟ್ಟು ಬೇರೊಂದು ಪಂಗಡಕ್ಕೆ ಸೇರಿದ ಕ್ಷೇತ್ರವೆಂದು ರೋಮಿನಿಂದ ಆಜ್ಞೆ ಬಂದಾಗ, 1721ರಲ್ಲಿ ಎಲ್ಲವನ್ನೂ ಬಿಟ್ಟು ಹೊರಟನು. ಇಂದು ಅದೇ ಮುಂಡಗೋಡಿನಲ್ಲಿ ಇಗ್ನೇಷಿಯಸನ ಪರಂಪರೆಯ ಪಾದ್ರಿಗಳು ನಡೆಸುವ ಸೇವಾಕೇಂದ್ರವಿದೆ. ಸಮೀಪದಲ್ಲಿಯೇ ಭಿಕ್ಷುಗಳು ಅಂಗಳದಲ್ಲಿ ಕೈತಟ್ಟಿ ಪ್ರಶ್ನೆ ಹಾಕಿ ವಾದಿಸುತ್ತಾರೆ. ಪರಂಪರೆಗಳು ಬೇರೆ, ಆದರೆ ಪ್ರಶ್ನೆಗೆ ಹೆದರಬಾರದೆಂಬ ಶಿಸ್ತು ಎರಡಕ್ಕೂ ಇದೆ.

ಶ್ರೋತೃಗಳೇ, ಅಂದು ನಾನು ಕೇಳಬೇಕಾಗಿದ್ದುದು ಇಷ್ಟೇ: ನಿನಗೆ ನಿದ್ರೆ ಬರುತ್ತಿದೆಯೇ? ಆ ಕರೆ ಯಾವ ಹೊತ್ತಿನಲ್ಲಿ ಬರುತ್ತದೆ, ಓದಲು ಕುಳಿತಾಗಲೋ, ಪ್ರಾರ್ಥನೆಯಲ್ಲೋ? ಅದು ಹೋದ ಮೇಲೆ ಮನಸ್ಸು ತಣಿಯುತ್ತದೆಯೋ, ತಳಮಳಿಸುತ್ತದೆಯೋ? ಮನೆಯವರ ಮೇಲೆ ಪ್ರೀತಿ ಹೆಚ್ಚಿದೆಯೋ, ಬೇಸರ ಹೆಚ್ಚಿದೆಯೋ? ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀಯಾ? ಇವಕ್ಕೆ ಪಾಂಡಿತ್ಯ ಬೇಡ. ಒಂದು ಸಂಜೆಯ ಬಿಡುವು ಬೇಕು. ಉತ್ತರ ಹೇಳುವ ಆತುರವನ್ನು ತಡೆದುಕೊಳ್ಳಬೇಕು. ನಿಮ್ಮಲ್ಲಿ ತಂದೆತಾಯಿಗಳಿರಬಹುದು, ಅಧ್ಯಾಪಕರಿರಬಹುದು. ಇಂಥ ಹುಡುಗನೊಬ್ಬನು ನಿಮ್ಮ ಬಾಗಿಲಿಗೂ ಬರಬಹುದು.

ಆ ಹುಡುಗನು ಮರುವರ್ಷ ಪರೀಕ್ಷೆಗೆ ಕುಳಿತು ತೇರ್ಗಡೆಯಾದನು. ಈಗ ವಾರಕ್ಕೊಮ್ಮೆ ವಯಸ್ಸಾದ ಒಬ್ಬ ಪಾದ್ರಿಗಳ ಬಳಿಗೆ ಹೋಗಿ ಬರುತ್ತಾನೆ. “ಅವರು ಏನು ಹೇಳುತ್ತಾರೆ?” ಎಂದು ಕೇಳಿದೆನು. “ಹೆಚ್ಚೇನೂ ಹೇಳುವುದಿಲ್ಲ ಸಾರ್, ಕೇಳುತ್ತಾರೆ,” ಎಂದನು. ಕರೆ ಈಗಲೂ ಬರುತ್ತಿದೆಯಂತೆ. ಅದು ಯಾರದೆಂದು ಅವನಿನ್ನೂ ತೀರ್ಮಾನಿಸಿಲ್ಲ, ಆತುರವೂ ಇಲ್ಲವೆಂದನು.