ರಕ್ತದ ಕಣಗಳನ್ನು ಆರಿಸುವ ಬೆಳಕು



ಗಂಗಾವತಿ ತಾಲ್ಲೂಕಿನ ಮರಳಿಯ ಸುತ್ತಮುತ್ತ ಭತ್ತ ಬೆಳೆಯುವವರಿಗೆ ಅಕ್ಕಿ ಗಿರಣಿಯ ಸಾರ್ಟೆಕ್ಸ್ ಯಂತ್ರ ಹೊಸದೇನಲ್ಲ. ಹಿಂದೆ ಮನೆಯಲ್ಲಿ ಅವ್ವ ಮೊರದ ಮುಂದೆ ಕುಳಿತು ಕಲ್ಲು, ಕರಿ ಕಾಳು ಆರಿಸುತ್ತಿದ್ದಳು. ಯಂತ್ರದಲ್ಲಿ ಅಕ್ಕಿ ಸಾಲಾಗಿ ಜಾರಿ ಬೀಳುತ್ತದೆ, ಕ್ಯಾಮೆರಾ ನೋಡುತ್ತದೆ, ಬಣ್ಣಗೆಟ್ಟ ಕಾಳು ಕಂಡೊಡನೆ ಗಾಳಿ ರಭಸದಿಂದ ಊದಿ ಅದನ್ನು ಹೊರದೂಡುತ್ತದೆ. ಇದನ್ನು ಕಂಡವರಿಗೆ ಇಂದಿನ ವಿಷಯ ಅರ್ಧ ತಿಳಿದಂತೆಯೇ. ರಕ್ತದ ಜೀವಕೋಶಗಳನ್ನು ಹೀಗೆ ಒಂದೊಂದಾಗಿ ನೋಡುವ ಯಂತ್ರವಿದೆ. ಅದರ ಹೆಸರು ಫ್ಲೋ ಸೈಟೋಮೀಟರ್.

ಕೆಟ್ಟ ಅಕ್ಕಿಯನ್ನು ಅದರ ಬಣ್ಣವೇ ತೋರಿಸಿಕೊಡುತ್ತದೆ. ಬಿಳಿ ರಕ್ತಕಣಗಳ ಮಾತು ಹಾಗಲ್ಲ. ಬಿ ಮತ್ತು ಟಿ ಎಂಬ ಎರಡು ಬಗೆಯ ಲಿಂಫೋಸೈಟ್‌ಗಳು ಸೂಕ್ಷ್ಮದರ್ಶಕದಲ್ಲಿ ಅವಳಿ ಮಕ್ಕಳಂತೆ ಕಾಣುತ್ತವೆ. ಆದರೆ ಅವುಗಳ ಮೈಮೇಲಿನ ಪ್ರೋಟೀನುಗಳು ಬೇರೆ: ಬಿ ಕಣದ ಮೇಲೆ ಸಿಡಿ 19, ಟಿ ಕಣದ ಮೇಲೆ ಸಿಡಿ 3. ಆಯಾ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯಗಳಿಗೆ ಹೊಳೆಯುವ ಬಣ್ಣ ಕಟ್ಟಿ, ರಕ್ತದ ಮಾದರಿಯಲ್ಲಿ ಬೆರೆಸುತ್ತಾರೆ. ಬಳಿಕ ಕೋಶಗಳು ತೆಳುವಾದ ದ್ರವಧಾರೆಯಲ್ಲಿ ಒಂದರ ಹಿಂದೊಂದು ಲೇಸರ್ ಕಿರಣವನ್ನು ದಾಟುತ್ತವೆ, ಸೆಕೆಂಡಿಗೆ ಸಾವಿರಾರು. ಯಾವ ಕೋಶ ಯಾವ ಬಣ್ಣದಲ್ಲಿ ಹೊಳೆಯಿತೆಂಬುದನ್ನು ಯಂತ್ರ ದಾಖಲಿಸುತ್ತದೆ.

ಕೋಶಗಳನ್ನು ಬೇರ್ಪಡಿಸಿ ಕೊಡುವ ಯಂತ್ರವೂ ಉಂಟು. ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಮ್ಯಾಕ್ ಫುಲ್‌ವೈಲರ್ 1965ರಲ್ಲಿ ಅಂಥದೊಂದನ್ನು ಪ್ರಕಟಿಸಿದರು. ಅದು ಕೋಶದ ಗಾತ್ರವನ್ನು ನೋಡುತ್ತಿತ್ತು. ಹೊಳಪು ನೋಡಿ ಬೇರ್ಪಡಿಸುವ ಯಂತ್ರವನ್ನು 1969ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಲೆನಾರ್ಡ್ ಹರ್ಜನ್‌ಬರ್ಗ್ ಮತ್ತು ಸಂಗಡಿಗರು ತೋರಿಸಿದರು. ಇಲ್ಲಿ ಗಾಳಿಯ ಬದಲು ವಿದ್ಯುತ್ತು: ಧಾರೆಯನ್ನು ಕಂಪಿಸಿ ಹನಿಗಳಾಗಿ ಒಡೆದು, ಬೇಕಾದ ಕೋಶವಿರುವ ಹನಿಗೆ ವಿದ್ಯುದಂಶ ಕೊಟ್ಟು ಪಕ್ಕಕ್ಕೆ ಸೆಳೆಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇಂಥ ಯಂತ್ರಗಳನ್ನು ಬಳಸುತ್ತಾರೆ.

ಆಸ್ಪತ್ರೆಗೆ ಮುಖ್ಯವಾಗಿ ಬೇಕಾದುದು ಗುರುತು ಮತ್ತು ಎಣಿಕೆ. ಮಗುವಿಗೆ ವಾರಗಟ್ಟಲೆ ಜ್ವರ, ಮುಖ ಬಿಳಿಚಿದೆ, ಒಸಡಿನಲ್ಲಿ ರಕ್ತ, ಚರ್ಮದ ಮೇಲೆ ಕೆಂಪು ಚುಕ್ಕೆ. ಇದಕ್ಕೆ ಬೇರೆ ಕಾರಣಗಳೂ ಇರಬಹುದು. ರಕ್ತದ ಕ್ಯಾನ್ಸರೂ ಆಗಿರಬಹುದು. ಕ್ಯಾನ್ಸರಾದರೆ ಅದು ಬಿ ಬಗೆಯದೋ, ಟಿ ಬಗೆಯದೋ, ಮಯಲಾಯ್ಡ್ ಬಗೆಯದೋ ಎಂದು ತಿಳಿಯದೆ ಚಿಕಿತ್ಸೆ ನಿರ್ಧರಿಸಲಾಗದು. ಚಿಕಿತ್ಸೆಯ ನಂತರ ಹತ್ತು ಸಾವಿರ ಕೋಶಗಳಲ್ಲಿ ಒಂದು ರೋಗಕೋಶ ಉಳಿದಿದ್ದರೂ ಈ ಪರೀಕ್ಷೆ ಅದನ್ನು ಹುಡುಕಬಲ್ಲದು.

ಒಂದು ತೊಡಕುಂಟು. ಮಾದರಿಯಲ್ಲಿನ ಕೋಶಗಳು ಹಾಳಾಗುವ ಮೊದಲೇ, ಒಂದೆರಡು ದಿನದೊಳಗೆ, ಪರೀಕ್ಷೆ ಮುಗಿಯಬೇಕು. ಮರಳಿಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಆದ್ದರಿಂದ ಮಾದರಿ ಕಳಿಸುವುದಕ್ಕಿಂತ ಮಗುವನ್ನೇ ಕರೆದೊಯ್ಯುವುದು ಎಷ್ಟೋ ಸಲ ಲೇಸು. ಇನ್ನೊಂದು ಮಾತು, ಇದನ್ನು ನಾನು ಒತ್ತಿ ಹೇಳುತ್ತೇನೆ: ಇಂಥ ಜ್ವರಕ್ಕೆ ಕಾರಣ ತಿಳಿಯುವ ಮುನ್ನ ಸ್ಟೀರಾಯ್ಡ್ ಕೊಟ್ಟರೆ ಮಗು ಚೇತರಿಸಿಕೊಂಡಂತೆ ಕಾಣಬಹುದು. ರೋಗಕೋಶಗಳೂ ತಾತ್ಕಾಲಿಕವಾಗಿ ಕಡಿಮೆಯಾಗಿ ಪರೀಕ್ಷೆಗೆ ಸಿಗದೆ ಹೋಗಬಹುದು. ಸೂಜಿ ಚುಚ್ಚಿಸುವ ಮೊದಲು ಅದು ಯಾವ ಔಷಧವೆಂದು ವೈದ್ಯರನ್ನು ಕೇಳಿರಿ. ಈಗಾಗಲೇ ಕೊಟ್ಟಾಗಿದ್ದರೆ ಆ ಚೀಟಿಯನ್ನು ಎಸೆಯದೆ ದೊಡ್ಡಾಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.